ಗೆಡ್ಡೆ ಅಂಗಡಿಯವನ ಸರ್ವರ್

ಬಸ್ಸು ಹೊಳೆನರಸೀಪುರ ದಾಟುವಷ್ಟರಲ್ಲಿ ಮುಂದಿನ ಸೀಟಿನ ಅಣ್ಣ ತಂಗಿಯ ಜಗಳ ಪ್ರತಿಭಾಳ ಕಿವಿಗೆ ಚೆನ್ನಾಗಿಯೇ ಬೀಳತೊಡಗಿತು. ಆಲೂಗಡ್ಡೆ ಬೆಳೆಗಾರರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೆಂದು ಇಬ್ಬರೂ ಸೇರಿ ಒಂದು ಚರ್ಚೆಯ ವೆಬ್‌ಸೈಟ್ ಮಾಡುತ್ತಿದ್ದರು. ಅದನ್ನು ಯಾರ ಸರ್ವರಿನಲ್ಲಿ ಇಡಬೇಕೆಂಬುದೇ ತಕರಾರು.

“ನಂಜೇಶಣ್ಣ ಪುಕ್ಸಟ್ಟೆ ಜಾಗ ಕೊಡ್ತೀನಿ ಅಂದವ್ನೆ ಕಣಮ್ಮಿ. ಅವ್ನ ಅಂಗಡಿ ಸೈಟ್ ಜತೆಗೇ ನಮ್ದೂ ಓಡ್ತದೆ.”

“ಬಿತ್ತನೆ ಗೆಡ್ಡೆ ಮಾರ್ತಾನಲ್ಲ, ಆ ನಂಜೇಶಣ್ಣನಾ?”

“ಊಂ. ಒಳ್ಳೆ ಮನ್ಸ.”

“ಓದ್ ವರ್ಸ ಅವ್ನ ಗೆಡ್ಡೆ ಮಣ್ಣಲ್ಲೇ ಕೊಳ್ತೋಯ್ತು. ಅದನ್ನ ನಾಕು ಜನ ಬರೀಲಿ ಅಂತ ತಾನೆ ನಾವು ಇದ್ನ ಮಾಡ್ತಿರೋದು? ಅವ್ನ ಜಗಲಿ ಮೇಲೆ ಕೂತ್ಕಂಡು ಅವ್ನನ್ನೇ ಬಯ್ಯಕಾಯ್ತದಾ?”

ಪ್ರತಿಭಾಳ ಮಾವನ ಹೊಲದಲ್ಲೂ ಅದೇ ಗೆಡ್ಡೆ ಕೊಳೆತಿತ್ತು. ಅವಳು ಇನ್ನಷ್ಟು ಮುಂದಕ್ಕೆ ಬಾಗಿ ಕುಳಿತಳು.

“ಯಾರೇನ್ ಬರುದ್ರೂ ಅಳಿಸಾಕಲ್ಲ ಅಂತ ಮಾತು ಕೊಟ್ಟವ್ನೆ.”

“ಮೊಳಕೆ ಬತ್ತದೆ ಅಂತಾನೂ ಮಾತು ಕೊಟ್ಟಿದ್ದ.”

“ದುಡ್ಡು ಕೊಟ್ಟು ಬ್ಯಾರೆ ಕಡೆ ತಗಂಡ್ರೆ ಅದು ದಂಡ ಅಲ್ವಾ?”

“ನಿನ್ ತಲೆ! ಸೈಟು ನಮ್ದಾಗಿರ್ತದೆ.”

“ನಾನು ಒಪ್ಕಂಡ್ಬುಟ್ಟಿದೀನಿ ಕಣಮ್ಮಿ.”

“ಅಂಗಾರೆ ನೀನೂ ಅವ್ನೂ ಇಬ್ರೇ ಕೂತ್ಕಂಡು ಒಬ್ರನ್ನೊಬ್ರು ಒಗಳ್ಕಳಿ. ನಾನಂತೂ ಬರಲ್ಲ.”

ಹಳ್ಳಿಮೈಸೂರು ಬಂತು. ತಂಗಿ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅಣ್ಣ ಫೋನನ್ನು ಕಿವಿಗೆ ಒತ್ತಿಕೊಂಡು ಹಿಂದೆಯೇ ಹೋದ.

“ನಂಜೇಶಣ್ಣಾ, ಬ್ಯಾಡ ಬುಡಣ್ಣ... ಏನಿಲ್ಲ, ನಮ್ ತಂಗಿಗೆ ಇವೆಲ್ಲ ಅರ್ಥ ಆಗಲ್ಲ.”

“ಊಂ, ಅಂಗೇ ಯೋಳು,” ಎನ್ನುತ್ತಾ ಅವಳು ಹಿಂತಿರುಗಿಯೂ ನೋಡದೆ ಇಳಿದುಹೋದಳು.