ಕುರ್ಚಿ ಮೇಲಿನ ನ್ಯಾಪ್ಕಿನ್

ಅಪರಾತ್ರೀಲಿ ಹಾಳು ಬಾವಿ ದಾಟಿ ಮನೆಗೆ ಬರೋದು ನಮ್ಮ ಭಾವನಿಗೆ ಹೊಸದಲ್ಲ. ಇಪ್ಪತ್ತು ವರ್ಷದಿಂದ ದೊಡ್ಡ ಹೋಟೆಲಿನಲ್ಲಿ ವೇಟರ್. ಬಾವಿಗೆ ಒಂದಿನಾನೂ ಹೆದರಿದೋರಲ್ಲ. ಹೆದರೋದೇನಿದ್ರೂ ನಮ್ಮ ಅಕ್ಕನಿಗೆ. ಆದ್ರೆ ಆವತ್ತು ಬಾವಿ ಹತ್ರ ಅವರು ಓಡ್ತಾ ಇದ್ರು...

ಯಾಕೆ ಅಂತ ಹೇಳ್ತೀನಿ, ಕೇಳಿ.

ಆ ಹೋಟೆಲಿನಲ್ಲಿ ಒಂದು ಪದ್ಧತಿ. ಎದ್ದು ಹೋಗೋರು ತೊಡೆ ಮೇಲಿನ ನ್ಯಾಪ್ಕಿನ್ ಮೇಜಿನ ಮೇಲಿಟ್ರೆ ಊಟ ಮುಗೀತು ಅಂತ. ಕುರ್ಚಿ ಮೇಲಿಟ್ರೆ ವಾಪಸ್ ಬರ್ತಾರೆ ಅಂತ. ಅವರು ಬರೋವರೆಗೂ ತಟ್ಟೆ ಮುಟ್ಟೋ ಹಾಗಿಲ್ಲ. ಹೊಸಬರಿಗೆಲ್ಲ ಇದನ್ನ ಕಲಿಸಿದ್ದೇ ಭಾವ.

ಆ ರಾತ್ರಿ ಹಾಲ್ ಖಾಲಿ. ಮೂಲೆಯ ಮೇಜಲ್ಲಿ ಮಾತ್ರ ಒಬ್ಬರು ವಯಸ್ಸಾದ ಹೆಂಗಸು. ಎದುರಿನ ಕುರ್ಚಿ ಮೇಲೆ ಮಡಿಸಿದ ಬಿಳೀ ನ್ಯಾಪ್ಕಿನ್.

“ನಮ್ಮ ಯಜಮಾನ್ರು ಬಂದ್ಬಿಡ್ತಾರೆ,” ಆಕೆ ಪಿಸುಗುಟ್ಟಿದರು. “ಅಲ್ಲೀವರೆಗೂ ಕೂತ್ಕೊಳ್ಳಪ್ಪ.”

ವೇಟರ್ ಕೂರೋ ಹಾಗಿಲ್ಲ. ಗಿರಾಕಿ ಮಾತು ಮೀರೋ ಹಾಗೂ ಇಲ್ಲ. ಭಾವ ನ್ಯಾಪ್ಕಿನ್ ತೆಗೆದು ತೊಡೆ ಮೇಲೆ ಹಾಕ್ಕೊಂಡು ಕೂತರು.

ಟಕ್... ಮುಂಬಾಗಿಲ ಚಿಲಕ. ಟಕ್... ಅಡುಗೆಮನೆ ಕಡೆಯದು. ಗುಂಯ್ ಅಂತಿದ್ದ ಫ್ರಿಜ್ ಗಪ್ಪಂತ ನಿಂತಿತು.

ಏಳೋಣ ಅಂದ್ರೆ ತೊಡೆ ಮೇಲಿನ ಬಟ್ಟೆ ಮರಳಿನ ಮೂಟೆಯಷ್ಟು ಭಾರ. ಕಾಲು ಅಲ್ಲಾಡ್ತಿಲ್ಲ.

“ಅವರು ಹೋಗಿ... ಎಷ್ಟು ಹೊತ್ತಾಯ್ತಮ್ಮ?”

“ಹದಿನಾಲ್ಕು ವರ್ಷ.”

ಭಾವನಿಗೆ ಮನೆ ನೆನಪಾಯ್ತು. ಮನೇಲಿ ಅಕ್ಕ ಊಟ ಮಾಡದೆ ಕಾಯ್ತಿರ್ತಾಳೆ. ತಾನೂ ಹೀಗೇ ಹೋಗದೆ ಉಳಿದ್ರೆ? ಆ ಗಟ್ಟಿಗನಿಗೆ ಅಳುವೇ ಬಂತು.

“ನನ್ನ ಹೆಂಡ್ತೀನೂ ಕಾಯ್ತಿದಾಳೆ, ತಾಯಿ... ಬಿಟ್ಬಿಡಿ.”

ಆಕೆ ಬಾಗಿಲ ಕಡೆ ನೋಡಿದರು. “ಹೂಂ... ಹೋಗು.”

ಬಟ್ಟೆ ಹಗುರಾಯ್ತು. ಟಕ್... ಚಿಲಕ ತೆರೀತು. ಭಾವ ಎದ್ದೆನೋ ಬಿದ್ದೆನೋ ಅಂತ ಓಡಿದರು.

ಮನೆ ಸೇರಿ, ಅಕ್ಕ ಕೊಟ್ಟ ನೀರು ಗಟಗಟ ಕುಡಿಯುವಾಗ ನೆನಪಾಯ್ತು. ಲೋಟ ಕೈಯಿಂದ ಠಣ್ ಅಂತ ಬಿತ್ತು. ಇಪ್ಪತ್ತು ವರ್ಷದ ಕೈಯಭ್ಯಾಸ ನೋಡಿ... ಅಷ್ಟು ಗಾಬರೀಲೂ ನ್ಯಾಪ್ಕಿನ್ ನೀಟಾಗಿ ಮಡಿಸಿ ಕುರ್ಚಿ ಮೇಲೇ ಇಟ್ಟು ಬಂದಿದ್ರು. ಅಂದ್ರೆ, ವಾಪಸ್ ಬರ್ತೀನಿ ಅಂತ ಮಾತು ಕೊಟ್ಟ ಹಾಗೆ.

ಮಾರನೇ ದಿನವೇ ಕೆಲಸ ಬಿಟ್ಟರು. ಆ ಹೋಟೆಲಿನ ರಸ್ತೆಗೇ ಮತ್ತೆ ಕಾಲಿಡಲಿಲ್ಲ.

ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ಹೋದ ವಾರ ಅಕ್ಕನ ಮನೇಲಿ ಊಟಕ್ಕೆ ಕೂತಿದ್ವಿ. ಭಾವ ಕೈ ತೊಳೆಯೋಕೆ ಎದ್ದು ಹೋದರು. ಅವರ ಕುರ್ಚಿ ಮೇಲೆ ಮಡಿಸಿದ ಬಿಳೀ ನ್ಯಾಪ್ಕಿನ್ ಇತ್ತು... ನಾನೇ ಕೈಯಾರೆ ಮುಟ್ಟಿ ನೋಡಿದೆ. ಅಕ್ಕನ ಮನೇಲಿ ಅಂಥ ಬಟ್ಟೆನೇ ಇಲ್ಲ.