ಎಲಿಸೋಂದೋದಲ್ಲಿ ಭಾನುವಾರದ ಊಟ

...ಇಲ್ಲ ಇಲ್ಲ, ಏಳಬೇಡ ಮಾರಿಸೆಲಾ, ದಮ್ಮಯ್ಯ ಕೂತ್ಕೋ! ಬಂದು ಒಂದು ಗುಟುಕು ಟೀ ಕುಡಿದಿಲ್ಲ, ಆಗಲೇ ಬ್ಯಾಗು ಹೆಗಲಿಗೇರಿಸಿದರೆ ಹೇಗೆ? ಎಫ್ರೈನ್ ಪರವಾಗಿ ಮಾತಾಡೋಕೆ ಬಂದಿಲ್ಲ ಅಂದೆನಲ್ಲ. ಗಂಡನ ಮನೆ ಬಿಟ್ಟು ಹೋದ ಸೊಸೆಗೆ ಅತ್ತೆ ಒಂದು ಹೊತ್ತು ಊಟ ಹಾಕಿಸಬಾರದು ಅಂತ ಎಲ್ಲಾದ್ರೂ ಇದೆಯಾ? ನನ್ನ ಮಗ ಏನಾದ್ರೂ ಆಗಿರಲಿ, ನೀನು ನಂಗೆ... ಹಾಂ, ಹಾಗೆ. ಕೂತ್ಕೋ.

ಭಾನುವಾರ ಈ ಎಲಿಸೋಂದೋ ಹೋಟೆಲಲ್ಲಿ ಮೇಜು ಸಿಗೋದು ಅಂದ್ರೆ ಸುಮ್ನೇನಾ? ಪೂಜೆ ಮುಗಿದದ್ದೇ ಓಡಿ ಬಂದೆ ಕಣೇ, ಪಾದ್ರಿ ಇನ್ನೂ ಆಶೀರ್ವಾದ ಕೊಡ್ತಾ ಇದ್ರು. ಆದ್ರೂ ಬಿಸಿಲಲ್ಲಿ ಕ್ಯೂ ನಿಂತೆ. ತೆಂಚಾ ನೋಡಿದಳು, 'ಏನ್ ಒಡೀಲಿಯಾ ಒಬ್ಬಳೇ ಬಂದಿದ್ದೀಯ, ನಿನ್ನ ಪರಿವಾರ ಎಲ್ಲಿ' ಅಂದಳು. ಸೊಸೆ ಬರ್ತಾಳೆ ಅಂದೆ. ಅದಕ್ಕೇ ಈ ಮೂಲೆ ಮೇಜು ಕೊಟ್ಟಳು ಪುಣ್ಯಾತ್ಗಿತ್ತಿ. ಅವಳಿಗೂ ಮೊಣಕಾಲು ನೋವು, ಆದ್ರೂ ಬಿಡ್ತಿಲ್ಲ ನೋಡು, ಕೈ ಮೇಲೆ ಸಾಲಾಗಿ ತಟ್ಟೆ ಇಟ್ಕೊಂಡು ಇನ್ನೂ ಓಡಾಡ್ತಾಳೆ.

ಚಿಪ್ಸ್ ತಿನ್ನು, ಈಗ ತಾನೇ ಕರಿದದ್ದು. ಸಾಲ್ಸಾ ಇವತ್ತು ಖಾರ ಜಾಸ್ತಿ ಇದೆ. ಬೆರಳು ಹೇಗಿದೆ? ಪಟ್ಟಿ ತೆಗೆದಿದ್ದಾರೆ ಅಲ್ವಾ... ಮಡಚೋಕೆ ಆಗುತ್ತಾ? ತೋರಿಸು... ಸರಿ, ಬೇಡ ಬಿಡು. ಮೇಜಿನ ಕೆಳಗೆ ಯಾಕೆ ಇಟ್ಕೋತೀಯ, ನಾನೇನು ಕಚ್ಚುತ್ತೀನಾ?

ಮಗು ಹೇಗಿದೆ? ಲುಸೇರೋ... ಅಜ್ಜಿ ಎಲ್ಲಿ ಅಂತ ಕೇಳ್ತಾಳಾ? ಬರೀ ತಲೆ ಆಡಿಸ್ತೀಯಲ್ಲ. ಸ್ಕೂಲಿಗೆ ಸೇರಿಸಿದ್ದೀಯಾ? ಯಾವ ಸ್ಕೂಲು? ಊರೊಳಗೇನಾ, ಇಲ್ಲಾ ನಿಮ್ಮಕ್ಕ ಇರೋ ಕಡೆ... ಅಯ್ಯೋ, ಸುಮ್ನೆ ಕೇಳ್ದೆ ಕಣೇ! ಅಜ್ಜಿ ಕೇಳಬಾರದಾ? ಆಯ್ತು ಆಯ್ತು. ಹೇಳಬೇಡ.

ಇದಾ? ಯಾರದೋ ಮೆಸೇಜು. ಚರ್ಚಿನ ಹೆಂಗಸರದ್ದು, ಹಬ್ಬಕ್ಕೆ ತಮಾಲೆ ಮಾಡೋಕೆ ಯಾರ್ಯಾರು ಬರ್ತೀರಿ ಅಂತ. ಒಂದೇ ಸಮ ಕಳಿಸ್ತಾವೆ. ಮಗುಚಿ ಇಡ್ತೀನಿ, ನೋಡು, ಇಟ್ಟೆ.

ಬಂತು ಬಂತು! ತೆಂಚಾ, ಆ ಫಹೀತಾ ಅವಳ ಮುಂದೆ ಇಡಮ್ಮ. ಎರಡನೇ ನಂಬರ್ ತಟ್ಟೆ ನಂದು... ಹೌದೌದು, ಇನ್ನೇನು ತಿಂತೀನಿ ನಾನು! ನಗು ನೀನು, ನಗು. ಹೋಗು, ಅಲ್ಲಿ ಆ ಹ್ಯಾಟಿನವನು ಕೂಗ್ತಾ ಇದಾನೆ.

ಎರಡನೇ ನಂಬರ್ ಕಥೆ ನಿಂಗೆ ಹೇಳಿಲ್ಲ ಅಲ್ವಾ? ಮದುವೆಯಾದ ಮಾರನೇ ದಿನ ಅಬೆಲಾರ್ದೋ ನನ್ನ ಇಲ್ಲಿಗೆ ಕರ್ಕೊಂಡು ಬಂದಿದ್ದ. ನಾನು ಹಳ್ಳಿ ಹುಡುಗಿ, ಹತ್ತಿ ಹೊಲದ ಧೂಳು ಬಿಟ್ಟು ಬೇರೇನೂ ನೋಡಿದವಳಲ್ಲ. ಮೆನು ಓದ್ತಾ ಇದ್ದೆ, ಸಿಗಡಿ ಹಾಕಿದ್ದು ಏನೋ ಕಾಣಿಸ್ತು, ಬಾಯಿ ತೆರೆದೆ... ನಿಮ್ಮ ಮಾವ ನನ್ನ ಕೈಯಿಂದ ಮೆನು ತಗೊಂಡ. ಕಿತ್ಕೊಳ್ಳಲಿಲ್ಲ, ಮೆತ್ತಗೆ ತಗೊಂಡ. 'ಇವಳಿಗೆ ಎರಡನೇ ನಂಬರ್' ಅಂದ. ಎರಡು ಎಂಚಿಲಾಡಾ, ಅನ್ನ, ಬೀನ್ಸು. ಅವತ್ತಿಂದ ಅವನು ಸಾಯೋವರೆಗೂ ಎರಡನೇ ನಂಬರ್. ಹುಟ್ಟುಹಬ್ಬಕ್ಕೂ ಅದೇ, ಎಫ್ರೈನ್ ಹುಟ್ಟಿದಾಗಲೂ ಅದೇ. ನಂಗೆ ಪ್ರೀತಿ ಅನ್ನಿಸಿತ್ತು ಕಣೇ. ನೋಡು, ಹೆಂಡ್ತಿಗೆ ಏನು ಬೇಕು ಅಂತ ಗಂಡನಿಗೇ ಗೊತ್ತು ಅಂತ ಹೇಳ್ಕೊಂಡು ತಿರುಗಿದೆ.

ಅವನು ಸತ್ತ ಮೇಲೆ ಒಂದು ದಿನ ಒಬ್ಬಳೇ ಬಂದೆ. ಈ ಹೊತ್ತು ನಂಗೆ ಬೇಕಾದ್ದು ತಿಂತೀನಿ ಅಂತ, ತುಟಿಗೆ ಬಣ್ಣ ಬೇರೆ ಹಚ್ಕೊಂಡು! ಮೆನು ಹಿಡಿದೆ. ಓದಿದೆ. ತಿರುಗಿಸಿ ಓದಿದೆ. ತೆಂಚಾ ಬಂದು ನಿಂತಳು, ಹೋದಳು, ಮತ್ತೆ ಬಂದಳು. ಏನು ಬೇಕು ಅಂತಾನೇ ಗೊತ್ತಾಗಲಿಲ್ಲ ಮಾರಿಸೆಲಾ. ಒಳಗೆ ಹುಡುಕಿದೆ ಹುಡುಕಿದೆ, ಬೇಕು ಅನ್ನೋದೇ ಇರಲಿಲ್ಲ ಅಲ್ಲಿ. ಕೊನೆಗೆ... ಯಾಕೆ ನಗ್ತೀಯಾ? ಓ, ನಗ್ತಾ ಇಲ್ವಾ. ಹೂಂ. ಎರಡನೇ ನಂಬರೇ ತಂದುಕೊಡು ಅಂದೆ.

ತಿನ್ನು, ಆರುತ್ತೆ. ಟೋರ್ಟಿಯಾ ರೊಟ್ಟಿ ಒಳಗೆ ಸುತ್ತಿಕೊಡಲಾ? ಬೆರಳು ನೋಯುತ್ತಲ್ಲ... ಬೇಡ್ವಾ. ಸರಿ.

ಎಫ್ರೈನ್ ಚಿಕ್ಕವನಿದ್ದಾಗ ಇಲ್ಲಿ ಕೂತರೆ ತಟ್ಟೆ ನೋಡ್ತಾನೇ ಇರಲಿಲ್ಲ, ಅಪ್ಪನ ಮುಖವನ್ನೇ ನೋಡ್ತಿದ್ದ. ಅವರಪ್ಪನ ದವಡೆ ಆಡೋದು ನಿಂತರೆ ಇವನ ಕೈ ನಿಂತುಬಿಡ್ತಿತ್ತು. ಒಂದು ಸಲ ಸಾಲ್ಸಾ ಚೆಲ್ಲಿದ, ಅಪ್ಪನ ಬಿಳಿ ಷರ್ಟಿನ ಮೇಲೆ. ಅಬೆಲಾರ್ದೋ ಏನೂ ಅನ್ನಲಿಲ್ಲ. ನಕ್ಕ, ಒರೆಸಿಕೊಂಡ, ಗಿಟಾರಿನವರಿಗೆ ದುಡ್ಡು ಕೊಟ್ಟು ಇನ್ನೊಂದು ಹಾಡು ಹಾಡಿಸಿದ. ಮನೆಗೆ ಹೋದ ಮೇಲೆ... ಮಗು ಅದು, ಪ್ಯಾಂಟು ಒದ್ದೆ ಮಾಡಿಕೊಂಡಿತ್ತು, ಅವರಪ್ಪ ಇನ್ನೂ ಬೆಲ್ಟು ಬಿಚ್ಚೇ ಇರಲಿಲ್ಲ. ಅಂಥಾ ಮಗು ಮಾರಿಸೆಲಾ! ನನ್ನ ಲಂಗ ಹಿಡ್ಕೊಂಡು ಹಿಂದೆ ಅಡಗ್ತಿದ್ದ ಮಗು. ಅವನು ಹೀಗಾದ ಅಂದ್ರೆ ನಂಗೆ ನಂಬೋಕಾಗುತ್ತಾ ಹೇಳು. ಒಳಗೆ ಅದೇ ಮಗು ಇದೆ ಅವನಲ್ಲಿ. ಅಳ್ತಾನೆ ಕಣೇ. ನೀನು ಹೋದ ಮೇಲೆ ನಿನ್ನ ದಿಂಬು ಇಟ್ಕೊಂಡು ಅಳ್ತಾನೆ. ಕುಡಿಯೋದು ಬಿಟ್ಟಿದಾನೆ, ಅಂದ್ರೆ... ಕಡಿಮೆ ಮಾಡಿದಾನೆ. ನಿನ್ನ ಗಿಡಗಳಿಗೆ ನೀರು ಹಾಕ್ತಾನೆ. ಹೇಳಿದ ನನ್ನ ಹತ್ತಿರ, 'ಅಮ್ಮಾ, ಅವಳು ಒಂದೇ ಒಂದು ಸಲ ಬಂದು ಕೂತು ಮಾತಾಡಿದ್ರೆ...'

ಆಯ್ತು! ಆಯ್ತಮ್ಮಾ! ಪರವಾಗಿ ಮಾತಾಡೋಲ್ಲ ಅಂದೆ, ಬಾಯಿ ತಪ್ಪಿ ಬಂತು. ಹಾಗೆ ಮುಖ ತಿರುಗಿಸಬೇಡ.

ನನ್ನ ಹುಟ್ಟುಹಬ್ಬದ್ದೇ ತಾನೇ ನಿನ್ನ ಮನಸ್ಸಲ್ಲಿರೋದು? ಅವತ್ತು ಇಲ್ಲೇ ಎಷ್ಟು ಚೆನ್ನಾಗಿತ್ತು ಮೊದಮೊದಲು. ಆ ದೊಡ್ಡ ಟೋಪಿ ನನ್ನ ತಲೆಗೆ ಹಾಕಿದ್ರು, ಲುಸೇರೋ ನನ್ನ ಮೂಗಿಗೆ ಕ್ರೀಮು ಹಚ್ಚಿದಳು, ಸುತ್ತ ನಿಂತು ಎಲ್ಲಾರೂ ಹಾಡಿದ್ರು. ನೀನು ಆ ಹೊಸ ಹುಡುಗನಿಗೆ, ಅದೇ ತಟ್ಟೆ ತರ್ತಿದ್ದನಲ್ಲ, ಏನೋ ಅಂದೆ, ಅವನು ನಕ್ಕ, ನೀನೂ ನಕ್ಕೆ. ಅಷ್ಟೇ. ಎಫ್ರೈನ್ ಕೂಡ ನಗ್ತಾನೇ ಇದ್ದ. ನಾನು ನೋಡಿದ್ದು ಇಷ್ಟು: ಅವನ ಒಂದು ಕೈ ಮೇಜಿನ ಕೆಳಗಿತ್ತು, ನೀನು ಹಾಡ್ತಾ ಇದ್ದೆ, ನಿನ್ನ ಕಣ್ಣಿಂದ ನೀರು ಇಳೀತಿತ್ತು. ಅತ್ತೆ ಹುಟ್ಟುಹಬ್ಬ ಅಂತ ಸಂತೋಷಕ್ಕೆ ಅಳ್ತಿದ್ದಾಳೆ ಅಂತ ಪಕ್ಕದ ಮೇಜಿನವರು ಅಂದ್ರು. ಹಾಡು ಜೋರಾಗಿತ್ತು. ಬೆರಳಿನ ಮೂಳೆ ಮುರಿದದ್ದು ನಂಗೆ ಹೇಗೆ ಕೇಳಿಸಬೇಕು?

ಆಮೇಲೆ ಸಿಹಿ ತಂದ್ರಲ್ಲ, ಆ ಫ್ಲಾನ್ ತಿಂದೆ ನಾನು. ಪೂರ್ತಿ ತಿಂದೆ.

...ಆ ಬಟ್ಟಲು ಈ ಕಡೆ ಸರಿಸು, ಬೀನ್ಸ್ ಸಪ್ಪೆ ಇದೆ. ಇರಲಿ, ನಾನೇ ತಗೋತೀನಿ.

ಏನು?

ಏನು ನೋಡ್ತಿದ್ದೀಯ?

ಓ ಇದಾ... ಇದೇನಿಲ್ಲ. ಟ್ರಕ್ಕಿನ ಬಾಗಿಲು. ಕೈ ತೆಗೆಯೋಕೆ ಮುಂಚೆ ಹಾಕಿಬಿಟ್ಟೆ. ವಯಸ್ಸಾಯ್ತಲ್ಲ, ಮುಟ್ಟಿದ್ರೆ ನೀಲಿ ಆಗುತ್ತೆ ಚರ್ಮ. ಅದಕ್ಕೇ ಈ ಸೆಖೆಯಲ್ಲೂ ಉದ್ದ ತೋಳು ಹಾಕ್ಕೊಂಡೆ, ನೋಡಿದವರೆಲ್ಲ ಕೇಳ್ತಾರೆ ಅಂತ. ಬಾಗಿಲು ಕಣೇ.



ನಿಜವಾಗ್ಲೂ ಬಾಗಿಲು ಮಾರಿಸೆಲಾ. ದೇವರಾಣೆ...

ಬೇರೆ ಯಾರೇ ಆಗಿದ್ರೂ 'ಅಯ್ಯೋ ಪಾಪ, ಐಸ್ ಇಟ್ರಾ' ಅಂತ ಕೇಳಿರೋರು. ಚರ್ಚಲ್ಲಿ ಕೇಳಿದ್ರು. ತೆಂಚಾ ಕೇಳಿದಳು. ನೀನು ಕೇಳ್ತಾ ಇಲ್ಲ. ಬಾಗಿಲಿಗೆ ನಾಲ್ಕು ಬೆರಳು ಇರೋಲ್ಲ ಅಂತ ನಿಂಗೆ ಗೊತ್ತು, ಅಲ್ವಾ... ನೀನೂ ನಂಗೆ ಬಾಗಿಲು ಅಂತಾನೇ ಹೇಳ್ತಿದ್ದೆ. ನಾನು ಹೂಂ ಅಂತ ಐಸ್ ತಂದುಕೊಡ್ತಿದ್ದೆ.

ಮನೇಲಿ ಈಗ ನಾನು, ಅವನು, ಇಬ್ಬರೇ. ನೀನು ಮನೆ ಬಿಟ್ಟ ವಾರ ಅವನು ಗೋಡೆಗೆ ಗುದ್ದಿದ. ಆಮೇಲೆ ತಟ್ಟೆ ಎಸೆದ. ಆಮೇಲೆ ಒಂದು ಸಂಜೆ, ಟೋರ್ಟಿಯಾ ತಣ್ಣಗಿದೆ ಅಂತ... 'ನಿನ್ನಿಂದಲೇ ಅವಳು ಹೋದಳು, ನೀನೇ ಅವಳ ತಲೆ ಕೆಡಿಸಿದ್ದು' ಅಂದ. ನನ್ನ ಮಗ. ನಂಗೆ ಮೊದಲು ಏನು ಹೊಳೀತು ಗೊತ್ತಾ? ಅಯ್ಯೋ, ಅವಳು ಇಲ್ಲಿ ಇದ್ದಿದ್ರೆ... ಅಂತ. ಅವಳು ಇದ್ದಿದ್ರೆ ಇದು ನನ್ನ ಮೇಲೆ ಬೀಳ್ತಿರಲಿಲ್ಲ.

ಅದಕ್ಕೇ ನಿನ್ನ ಕರೆದದ್ದು. ಊಟಕ್ಕಲ್ಲ. ಮಗು ನೆನಪಾಯ್ತು ಅಂತಲೂ ಅಲ್ಲ. ನೀನು ವಾಪಸ್ ಬಂದ್ರೆ ನಾನು... ನಾನು...

ಬೈಯೇ! ಮುಖಕ್ಕೆ ಉಗಿ. ಆ ಟೀ ಎತ್ತಿ ಮೇಲೆ ಸುರಿ. ಹೀಗೆ ನೋಡ್ತಾ ಕೂರಬೇಡ ಕಣೇ. ಬೈದ್ರೆ ತಡ್ಕೋಬಹುದು, ಈ ನೋಟ ತಡ್ಕೊಳ್ಳೋಕಾಗ್ತಿಲ್ಲ ನಂಗೆ.

ಫೋನಾ? ಹೂಂ. ಅವನದೇ. ಇಷ್ಟು ಹೊತ್ತೂ ಅವನದೇ. ಇಲ್ಲೇ ಹೋಟೆಲ್ ಮುಂದಿನ ಪಾರ್ಕಿಂಗಲ್ಲಿದಾನೆ, ಟ್ರಕ್ಕಲ್ಲಿ. ಊಟ ಅರ್ಧ ಆದಾಗ ಬರ್ತೀನಿ, ಅಲ್ಲೀವರೆಗೆ ಕೂರಿಸಿಕೊಂಡಿರು, ಮಗು ಎಲ್ಲಿದೆ ಅಂತ ಕೇಳಿ ಇಟ್ಟಿರು ಅಂದಿದ್ದ.

ಶ್! ತಿರುಗಬೇಡ, ಕಿಟಕಿ ಕಡೆ ತಿರುಗಬೇಡ. ಫೋರ್ಕು ಹಿಡ್ಕೋ, ತಿಂತಾ ಇರೋ ಹಾಗೆ ಇರು. ನಿನ್ನ ಕಾರು ಎಲ್ಲಿ? ಹಿಂದಿನ ಗಲ್ಲಿ, ಬೇಕರಿ ಹತ್ತಿರ? ಮುಂದೆ ನಿಲ್ಲಿಸಲಿಲ್ಲವಾ... ಹಾಗಾದ್ರೆ ನನ್ನನ್ನ ನಂಬಿರಲಿಲ್ಲ ನೀನು. ಒಳ್ಳೇದಾಯ್ತು. ಒಳ್ಳೇದಾಯ್ತು ಮಗಳೇ, ಯಾರನ್ನೂ ನಂಬಬೇಡ.

ತೆಂಚಾ! ಇಲ್ಲಿ ಬಾ, ಬಗ್ಗು. ಇವಳನ್ನ ಅಡುಗೆಮನೆ ಒಳಗಿಂದ ಹಿಂಬಾಗಿಲಿಗೆ ಬಿಡು. ಈಗಲೇ. ಯಾಕೆ ಅಂತ ಕೇಳಬೇಡಮ್ಮ, ನಿಂಗೆ ಗೊತ್ತು. ಹುಟ್ಟುಹಬ್ಬದ ದಿನ ನೀನೂ ನೋಡಿದ್ದೆ.

ಏಳು ಮಾರಿಸೆಲಾ. ಬಚ್ಚಲಿಗೆ ಹೋಗೋ ಹಾಗೆ ಮೆಲ್ಲಗೆ ಹೋಗು, ಓಡಬೇಡ. ಬ್ಯಾಗು ತಗೋ. ನಿಮ್ಮಕ್ಕನ ಮನೇಲಿದ್ರೆ ಅಲ್ಲಿಂದಲೂ ಹೋಗಿಬಿಡು, ಅಕ್ಕನ ಮನೆ ಅವನಿಗೆ ಗೊತ್ತು. ನಂಗೆ ಫೋನ್ ಮಾಡಬೇಡ. ಎಲ್ಲಿದ್ದೀಯ ಅಂತ ಹೇಳಬೇಡ, ನಾನು ಅತ್ತು ಕೇಳಿದ್ರೂ ಹೇಳಬೇಡ. ಮಗೂಗೆ... ಏನೂ ಬೇಡ. ಹೋಗು.

ಅಯ್ಯೋ, ಕೈ ಯಾಕೆ ಹಿಡ್ಕೋತೀಯ? ನನ್ನ ಕೈ ಮುಟ್ಟಬೇಡ ಕಣೇ, ನಾನು ಅದಕ್ಕೆ... ನಾನು ಬರೋಕಾಗಲ್ಲ. ಕುರ್ಚಿ ಎರಡೂ ಖಾಲಿ ಕಂಡ್ರೆ ತಕ್ಷಣ ಹಿಂದಕ್ಕೆ ಓಡಿ ಬರ್ತಾನೆ. ಒಬ್ಬಳು ಕೂತಿರಬೇಕು. ಹೋಗು ಅಂದೆನಲ್ಲ!

...

ಬಾ ಎಫ್ರೈನ್. ಕೂರಪ್ಪ. ಬಿಸಿಲಲ್ಲಿ ಬೆಂದುಹೋಗಿದ್ದೀಯ. ಅವಳಾ? ಬಚ್ಚಲಿಗೆ ಹೋದಳು, ಈಗ ಬರ್ತಾಳೆ. ನೋಡು, ತಟ್ಟೆ ಇಲ್ಲೇ ಇದೆ. ಮಾತಾಡಿದೆ ಮಗನೇ, ಎಲ್ಲಾ ಮಾತಾಡಿದೆ. ಯೋಚನೆ ಮಾಡ್ತೀನಿ ಅಂದಳು. ಮನಸ್ಸು ಕರಗಿದೆ ಅವಳಿಗೆ. ಅತ್ತಳು. ಮಗು ಚೆನ್ನಾಗಿದೆಯಂತೆ... ನೀನು ಏನಾದ್ರೂ ತಿಂತೀಯಾ? ಹಸಿದಿದ್ದೀಯ. ಫಹೀತಾ ಮುಟ್ಟೇ ಇಲ್ಲ ಅವಳು.

ಕುರ್ಚಿ ಕೆಳಗೆ ಏನು ಹುಡುಕ್ತಿದ್ದೀಯಾ?

ಬ್ಯಾಗಾ? ಹೆಂಗಸರು ಬಚ್ಚಲಿಗೆ ಬ್ಯಾಗು ತಗೊಂಡೇ ಹೋಗ್ತಾರಪ್ಪ. ಕೂರು. ಏಳಬೇಡ. ಇನ್ನೊಂದು ಗಳಿಗೆ ಕೂರು, ಅಮ್ಮನ ಜೊತೆ ಕೂತು ಎಷ್ಟು ದಿನ ಆಯ್ತು... ಅಡುಗೆಮನೆ ಕಡೆ ಯಾಕೆ ನೋಡ್ತೀಯಾ? ನನ್ನ ನೋಡು. ನಿನ್ನ ದವಡೆ ಯಾಕೆ ಹಾಗೆ...

ಹೂಂ. ಹೋದಳು.

ನಾನೇ ಕಳಿಸಿದೆ. ಎಲ್ಲಿಗೆ ಅಂತ ಗೊತ್ತಿಲ್ಲ, ಕೇಳಲಿಲ್ಲ ನಾನು. ನಗಬೇಡ ಎಫ್ರೈನ್, ಜನ ನೋಡ್ಲಿ ಅಂತ ನಗ್ತಿದ್ದೀಯ, ನಂಗೆ ಗೊತ್ತು. ಮನೆಗೆ ಹೋಗೋಣ ಅಂತೀಯಾ? ಇಲ್ಲ, ನಿನ್ನ ಟ್ರಕ್ ಹತ್ತೋಲ್ಲ ನಾನು. ಬಿಡು. ಬಿಡು ಅಂದೆ, ನೋಯುತ್ತೆ... ಎಫ್ರೈನ್...

ತೆಂಚಾ! ಆ ಹಾಡು ನಿಲ್ಲಿಸೋಕೆ ಹೇಳು. ನಿಲ್ಲಿಸಿ! ಗಿಟಾರು ನಿಲ್ಲಿಸಿ ಸ್ವಲ್ಪ! ಎಲ್ಲಾರೂ ಇಲ್ಲಿ ನೋಡಿ. ಇವನು ನನ್ನ ಮಗ. ನನ್ನ ಕೈ ಬಿಡ್ತಾ ಇಲ್ಲ.