ಏಣಿ ಬಿಡಿಸಿಕೊಂಡವನು

...ಅಯ್ಯೋ, ಆ ಫೋಟೋನಾ? ಕೊಡು ಇಲ್ಲಿ, ಅದರ ಗಾಜು ಸಡಿಲ, ನಾನೇ ಒರೆಸ್ತೀನಿ. ಏನಂದೆ? ದೊಡ್ಡ ಶ್ರೀಮಂತರ ಮನೆ ಥರ ಇದೆಯಾ? ನೋಡು ಮಗಳೇ, ನೀನು ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ಹೊಸದು. ಈಗಲೇ ನಿಜ ಹೇಳಿಬಿಡ್ತೀನಿ. ಈ ಫೋಟೋದಲ್ಲಿ ನಮ್ಮದು ಅಂತ ಇರೋದು ಮೂಗುಗಳು ಮಾತ್ರ!

ನಗ್ತೀಯಾ? ಸುಳ್ಳಲ್ಲ ಕಣೇ. ಇವರೇ ನಮ್ಮ ದೊಡ್ಡಪ್ಪ, ನನ್ನ ಸಾಕಿ ಬೆಳೆಸಿದವರು. ಗಿರವಿ ಅಂಗಡಿ ಇಟ್ಟಿದ್ದರು. ಜೇಬಿಂದ ಸರಪಳಿ ಗಡಿಯಾರ ಇಣುಕ್ತಾ ಇದೆಯಲ್ಲ, ಅದು ಹೈಸ್ಕೂಲ್ ಹೆಡ್‌ಮಾಸ್ತರದು. ಆ ಸಿಂಹದ ಕಾಲಿನ ಕುರ್ಚಿ ವಕೀಲರದು. ಪಕ್ಕದಲ್ಲಿ ದೊಡ್ಡಮ್ಮ. ಕೊರಳಲ್ಲಿರೋ ಆ ಭಾರಿ ಸರ ದಿನಸಿ ಮಂಡಿಯವರ ಹೆಂಡತೀದು. ಇನ್ನೂ ತಮಾಷೆ ಕೇಳು, ಈ ಫೋಟೋ ತೆಗೆದ ಕ್ಯಾಮೆರಾನೂ ನಮ್ಮ ಬೀರುವಲ್ಲೇ ಅಡ ಇದ್ದದ್ದು! ಫೋಟೋಗ್ರಾಫರಿಗೆ ಹೇಳಿಕಳಿಸಿ, "ಬಾಪ್ಪಾ, ಇವತ್ತೊಂದು ದಿನ ನಿನ್ನ ಕ್ಯಾಮೆರಾ ನಿನ್ನ ಕೈಗೇ ಕೊಡ್ತೀನಿ, ನಮ್ಮನ್ನೆಲ್ಲ ನಿಲ್ಲಿಸಿ ಒಂದು ಹೊಡಿ" ಅಂದ್ರಂತೆ ದೊಡ್ಡಪ್ಪ. ಆ ಪುಣ್ಯಾತ್ಮ ಕ್ಯಾಮೆರಾನ ಎದೆಗೆ ಅಪ್ಪಿಕೊಂಡು ಅತ್ತೇಬಿಟ್ಟ. ಅದಕ್ಕೇ ನೋಡು, ಫೋಟೋ ಸ್ವಲ್ಪ ಅಲುಗಾಡಿದೆ.

ಮೋಸ ಅಂತೀಯಾ? ಛೇ ಛೇ! ಊರಲ್ಲಿ ದೊಡ್ಡಪ್ಪನಂಥ ಪ್ರಾಮಾಣಿಕ ಇನ್ನೊಬ್ಬನಿರಲಿಲ್ಲ. ಇಟ್ಟ ಮಾಲು ಇಟ್ಟ ಹಾಗೇ ವಾಪಸ್. ನಡುವೆ ನಾವು ಒಂದಿಷ್ಟು ಉಟ್ಟು ತೊಟ್ಟು ಮಾಡ್ತಿದ್ವಿ, ಅಷ್ಟೇ. "ಒಡವೆಗೂ ಗಾಳಿ ಬೆಳಕು ಬೇಡವೇನೇ?" ಅಂತಿದ್ರು ದೊಡ್ಡಮ್ಮ.

ಅಂಗಡಿಗೆ ಎರಡು ಬಾಗಿಲು. ಬಡವರು ರಾಜಾರೋಷವಾಗಿ ಮುಂಬಾಗಿಲಿಂದ ಬರೋರು, ತಟ್ಟೆ ಲೋಟ ಹಿಡ್ಕೊಂಡು. ಸಾಹುಕಾರರು ಹಿಂಬಾಗಿಲಿಂದ. ಟೋಪಿ ಕಣ್ಣಿನವರೆಗೆ ಎಳ್ಕೊಂಡು, ಕೆಮ್ಮಿಕೊಂಡು, "ನಂದಲ್ಲ ಸ್ವಾಮಿ, ನಮ್ಮ ಸ್ನೇಹಿತರೊಬ್ಬರದು" ಅಂತ. ಪಾಪ, ಆ ಸ್ನೇಹಿತನಿಗೆ ಎಷ್ಟು ಕಷ್ಟವೋ! ಊರಿನ ಸಾಹುಕಾರರೆಲ್ಲ ಅವನೊಬ್ಬನಿಗೋಸ್ಕರಾನೇ ಅಡ ಇಡ್ತಿದ್ರು. ಹೆಡ್‌ಮಾಸ್ತರು ಮಕ್ಕಳಿಗೆ ದುಂದುಗಾರಿಕೆ ಬಗ್ಗೆ ಭಾಷಣ ಮಾಡೋವಾಗ ಖಾಲಿ ಜೇಬು ಮುಟ್ಟಿ ಮುಟ್ಟಿ "ಸಮಯ ಅಮೂಲ್ಯ" ಅಂತಿದ್ರು. ಅಮೂಲ್ಯ ಅಲ್ಲ, ಅದರ ಮೌಲ್ಯ ನಮ್ಮ ದೊಡ್ಡಪ್ಪನಿಗೆ ಚೆನ್ನಾಗಿ ಗೊತ್ತಿತ್ತು!

ಒಬ್ಬ ರಿಟೈರ್ಡ್ ಸಾಹೇಬರು ಹಲ್ಲಿನ ಸೆಟ್ಟು ತಂದಿದ್ರು. ಕರ್ಚೀಫಲ್ಲಿ ಸುತ್ಕೊಂಡು! "ಊಟಕ್ಕೆ ಕಾಸಿಲ್ಲ, ಇದನ್ನಿಟ್ಕೊಳ್ಳಿ" ಅಂತ, ಆ ಬೊಚ್ಚು ಬಾಯಲ್ಲಿ. ದೊಡ್ಡಪ್ಪ ತುಂಬಾ ಗಂಭೀರವಾಗಿ ಹೇಳಿದ್ರು, "ಕಾಸು ಕೊಡ್ತೀನಿ ಸಾರ್, ಆದರೆ ಊಟ ಯಾವುದರಲ್ಲಿ ಮಾಡ್ತೀರಿ?" ಸಾಹೇಬರು ಯೋಚಿಸಿದ್ರು. ಯೋಚಿಸಿ, ಹಲ್ಲು ಹಾಕ್ಕೊಂಡು, ದೊಡ್ಡಪ್ಪನ್ನ ಚೆನ್ನಾಗಿ ಬೈದು ಹೋದ್ರು.

ನಗು ನಗು, ಹೊಟ್ಟೆ ಹಿಡ್ಕೊಂಡು ನಗು. ನಿನ್ನ ಗಂಡ ಚಿಕ್ಕವನಿದ್ದಾಗ ಇದನ್ನ ಕೇಳದೆ ಮಲಗ್ತಿರಲಿಲ್ಲ.

ಸರದ ಕಥೆ? ಹಾಂ, ಅದು! ಒಂದು ಮದುವೆಗೆ ದೊಡ್ಡಮ್ಮ ಆ ಸರ ಹಾಕ್ಕೊಂಡು ಹೋದ್ರೆ, ಎದುರಿಗೇ ಮಂಡಿಯವರ ಹೆಂಡತಿ! ಬರಿಗೊರಳು, ಸೆರಗು ಬಿಗಿಯಾಗಿ ಹೊದ್ದು ನಿಂತಿದಾರೆ. ಆಯಮ್ಮ ಹತ್ತಿರ ಬಂದು ಕಿವೀಲಿ, "ಕೊಂಡಿ ಸಡಿಲ ಇದೆ ಕಣ್ರೀ, ಹುಷಾರು" ಅಂದ್ರು. ದೊಡ್ಡಮ್ಮ "ಗೊತ್ತು ಕಣ್ರೀ, ಸರಿ ಮಾಡಿಸಿದೀನಿ" ಅಂದ್ರು. ಅಲ್ಲಿಂದಾಚೆ ಮದುವೆ ಮುಗಿಯೋವರೆಗೂ ಆಯಮ್ಮ ದೊಡ್ಡಮ್ಮನ ಬೆನ್ನು ಬಿಡಲಿಲ್ಲ. ಊಟಕ್ಕೂ ಪಕ್ಕದಲ್ಲೇ, ಕೈ ತೊಳೆಯೋಕೂ ಪಕ್ಕದಲ್ಲೇ. ಸರ ಕಾಯಬೇಕಲ್ಲ! ಜನ ನೋಡಿ "ಏನು ಅನ್ಯೋನ್ಯ!" ಅಂತಿದ್ರು. ಆಮೇಲಾಮೇಲೆ ನಿಜವಾಗ್ಲೂ ಅನ್ಯೋನ್ಯ ಆಗಿಬಿಟ್ರು. ಸರ ಬಿಡಿಸಿಕೊಂಡು ಹೋದಮೇಲೂ ಬರ್ತಿದ್ರು ಆಯಮ್ಮ, ಮಾತಾಡೋಕೆ.

ನಾನಾ? ಈ ಫೋಟೋದಲ್ಲಾ? ಇಲ್ಲ, ನಾನಿಲ್ಲ. ಆವತ್ತು ನನಗೆ... ಜ್ವರ. ಒಳಗೆ ಮಲಗಿದ್ದೆ.

ಈ ಹುಡುಗೀನಾ? ದೊಡ್ಡಮ್ಮನ ಸೆರಗು ಹಿಡ್ಕೊಂಡು ನಿಂತಿದಾಳಲ್ಲ, ಇವಳಾ... ಇವಳೂ ಅಡ ಇಟ್ಟಿದ್ದೇ.

ಕಣ್ಣು ಬಿಡಬೇಡ ಹಾಗೆ! ಹೇಳ್ತೀನಿ, ಕೂತ್ಕೋ. ಇದೇ ಎಲ್ಲಕ್ಕಿಂತ ಮಜಾ ಇರೋದು.

ಅಂಗಡಿಗಳ ಬೋರ್ಡು ಬರೆಯೋನು ಒಬ್ಬ ಇದ್ದ. ಹೆಂಡತಿ ಸತ್ತಿದ್ದಳು, ಮೇಲೆ ಈ ಮಗು. ಕೆಲಸ ಇಲ್ಲದೆ ಮೊದಲು ಪಾತ್ರೆ ಅಡ ಇಟ್ಟ, ಆಮೇಲೆ ಕುಂಚಗಳು, ಆಮೇಲೆ ಏಣಿ. ಏಣಿ ಅಂದ್ರೆ ಏಣಿ ಕಣೇ, ಉದ್ದದ್ದು! ಅಂಗಡಿಯೊಳಗೆ ಹಿಡಿಸದೆ ಅರ್ಧ ಬೀದಿಗೆ ಚಾಚಿಕೊಂಡಿತ್ತು. ಬಂದವರೆಲ್ಲ ಹಣೆ ಬಡಿಸಿಕೊಳ್ಳೋರು. "ಅಡ ಇಡೋಕೆ ಮುಂಚೆ ಹಣೆ ಬಡ್ಕೋಬೇಕು, ಇಟ್ಟಮೇಲೆ ಅಲ್ಲ, ಒಳ್ಳೇದೇ ಆಯ್ತು" ಅಂತಿದ್ರು ದೊಡ್ಡಪ್ಪ. ಕಡೆಗೆ ದೂರದ ಊರಲ್ಲಿ ಕೆಲಸ ಸಿಕ್ತು ಅವನಿಗೆ. ಕೆಲಸಕ್ಕೆ ಏಣಿ ಬೇಕು. ಏಣಿ ಬಿಡಿಸೋಕೆ ಕಾಸು ಬೇಕು. ಕಾಸಿಗೆ ಕೆಲಸ ಬೇಕು. ಆಗ ಮಗೂನ ಕೌಂಟರ್ ಮೇಲೆ ಕೂರಿಸಿದ. "ಸ್ವಾಮಿ, ಇದನ್ನಿಟ್ಕೊಂಡು ಏಣಿ ಕೊಡಿ. ಸಂಪಾದಿಸಿ ಬಂದು ಬಿಡಿಸಿಕೊಳ್ತೀನಿ" ಅಂದ.

ಒಳಗಿಂದ ದೊಡ್ಡಮ್ಮ ಬಂದು ಮಗೂನ ಎತ್ಕೊಂಡು, "ಆ ದರಿದ್ರ ಏಣಿ ಮೊದಲು ಆಚೆ ಕೊಡ್ರೀ, ನನ್ನ ತಲೆಗೂ ತಗಲ್ತಿದೆ" ಅಂದ್ರು. ವ್ಯವಹಾರ ಮುಗೀತು! ಚೀಟಿ ಬರೀಲಿಲ್ಲ. ಏನಂತ ಬರೀತಾರೆ ಹೇಳು, "ಹೆಣ್ಣುಮಗು ಒಂದು, ಸ್ವಲ್ಪ ಬಳಸಿದ್ದು" ಅಂತಾನಾ?

ಈಗ ಯಾಕೆ ನಗಲಿಲ್ಲ ನೀನು? ನಗೋ ಹಾಗೇ ಹೇಳಿದ್ನಲ್ಲ. ಮುಂದೆ ಕೇಳು, ಮುಂದೆ ನಗ್ತೀಯ.

ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ, ಅಂಗಡಿ ನಿಯಮ ಮಾತ್ರ ಗೊತ್ತಿತ್ತು. ಇಟ್ಟ ಮಾಲು ಸವೆಯಬಾರದು, ಗೀರು ಬೀಳಬಾರದು, ಬಣ್ಣ ಮಾಸಬಾರದು. ಹುಡುಗಿ ಬಿಸಿಲಿಗೆ ಹೋದ್ರೆ "ಬಾರೇ ಒಳಗೆ, ಬಣ್ಣ ಹೋಗತ್ತೆ!" ಮಂಡಿ ತರಚಿಕೊಂಡು ಬಂದ್ರೆ "ಅಯ್ಯಯ್ಯೋ ಗೀರು! ಅವರಪ್ಪ ಬಂದ್ರೆ ಏನು ಹೇಳಲಿ?" ತುತ್ತಿನ ಮೇಲೆ ತುತ್ತು. "ತೂಕ ಕಮ್ಮಿ ಆಗಿದೆ ಅಂದ್ರೆ ನಮ್ಮ ಮರ್ಯಾದೆ ಏನಾಗಬೇಕು?" ಮೊದಲನೇ ಹಲ್ಲು ಬಿದ್ದಾಗ ಅದನ್ನ ಹತ್ತೀಲಿ ಸುತ್ತಿ ಡಬ್ಬೀಲಿ ಇಟ್ರು, ಬಿಡಿಭಾಗ ಕಾಣೆಯಾಗಿದೆ ಅನ್ನಬಾರದಲ್ಲ!

ನೆಂಟರು ಸುಮ್ಮನಿರ್ತಾರಾ? "ಯಾರದೋ ಪೀಡೆ, ಅನಾಥಾಶ್ರಮಕ್ಕೆ ಬಿಡಿ" ಅಂದ್ರು. ಹಾಗಂದವರೆಲ್ಲ ಯಾರು ಗೊತ್ತಾ? ನಮ್ಮ ಬೀರುವಿನಿಂದ ಎರವಲು ತಗೊಂಡ ಸೀರೆ ಉಟ್ಕೊಂಡು ಬಂದವರು! "ಅವಧಿ ಇನ್ನೂ ಮುಗಿದಿಲ್ಲ" ಅಂದ್ರು ದೊಡ್ಡಪ್ಪ. ಅವಧೀನೂ ಮುಗೀತು. ಅವನ ಸುದ್ದಿ ಇಲ್ಲ. ಅವಧಿ ಮುಗಿದ್ರೆ ಮಾಲು ಮುಳುಗಿತು ಅಂತಾರೆ ಅಂಗಡೀಲಿ. ಮುಳುಗಿದ್ದು ಹರಾಜಿಗೆ ಹೋಗತ್ತೆ. ಒಂದು ದಿನ ಊಟಕ್ಕೆ ಕೂತಾಗ ದೊಡ್ಡಪ್ಪ ತಮಾಷೆಗೆ, "ಏನೇ, ಇವಳನ್ನ ಹರಾಜು ಹಾಕೋಣವಾ?" ಅಂದ್ರು. ದೊಡ್ಡಮ್ಮ ಸೌಟು ಹಿಡಿದೇ, "ಹಾಕಿ. ನಾನೇ ಕೂಗ್ತೀನಿ" ಅಂದ್ರು. "ಎಷ್ಟಕ್ಕೆ?" "ಈ ಮನೇಲಿರೋದೆಲ್ಲ ಕೊಟ್ಟು." "ಮನೇಲಿರೋದೆಲ್ಲ ಬೇರೆಯವರದು ಕಣೇ!" ಅಂದ್ರು ದೊಡ್ಡಪ್ಪ. ಇಬ್ಬರೂ ನಕ್ಕರು. ನಕ್ಕು ನಕ್ಕು ದೊಡ್ಡಮ್ಮ ಅತ್ತರು. ಆ ಹುಡುಗಿ ಎರಡೂ ಮುಖ ನೋಡ್ತಾ ಕೂತಿದ್ದಳು, ನಗಬೇಕೋ ಅಳಬೇಕೋ ಗೊತ್ತಾಗದೆ.

ಬಂದನಾ ಅಂತೀಯಾ? ಬಂದ. ಬರದೆ ಏನು. ಎಲ್ಲರೂ ಮರೆತಮೇಲೆ ಬಂದ.

ಇಲ್ಲ, ಆ ಹುಡುಗಿ ಮನೇಲಿರಲಿಲ್ಲ. ಸ್ಕೂಲಿಗೆ ಹೋಗಿದ್ದಳು. ಹೂಂ, ಸ್ಕೂಲಿಗೆ. ದೊಡ್ಡಮ್ಮ ಒಳಗೆ ಅಡುಗೆ ಮಾಡ್ತಿದ್ರು. ಅಂಗಡೀಲಿ ದೊಡ್ಡಪ್ಪ ಒಬ್ಬರೇ. ನನಗೂ ಆಮೇಲೆ ಅವರು ಹೇಳಿದ್ದೇ.

ಮೊದಲು ಏಣಿ ಗೋಡೆಗೆ ಒರಗಿಸಿದ ಸದ್ದು. ಆಮೇಲೆ ಚಪ್ಪಲಿ ಸದ್ದು. ಎಡಗಾಲು ಸ್ವಲ್ಪ ಎಳೀತಿದ್ದ, ಎಲ್ಲಿಂದಲೋ ಬಿದ್ದಿರಬೇಕು. ಹೆಬ್ಬೆರಳ ಉಗುರಿನ ಮೇಲೆ ನೀಲಿ ಬಣ್ಣ. ಪಂಚೆ ಅಂಚಲ್ಲಿ ಹಳದಿ, ಕೆಂಪು, ಚುಕ್ಕೆ ಚುಕ್ಕೆ. "ನನ್ನದೊಂದು ಇಲ್ಲಿ ಬಿಟ್ಟು ಹೋಗಿದ್ದೆ ಸ್ವಾಮಿ" ಅಂದ. ಧ್ವನಿ ಮೆತ್ತಗಿತ್ತು.

ದೊಡ್ಡಪ್ಪ ಏನಂದ್ರು ಗೊತ್ತಾ? "ಚೀಟಿ ಇದೆಯಾ?" ಅಂದ್ರು!

ನೋಡು, ಚೀಟಿ ಕಳ್ಕೊಂಡು ಬಂದ ಎಷ್ಟು ಜನಕ್ಕೆ ಮುಖ ನೋಡಿ ಮಾಲು ಕೊಟ್ಟ ಮನುಷ್ಯ ಅವರು. "ನೀವು ಚೀಟಿ ಬರೀಲೇ ಇಲ್ಲವಲ್ಲ" ಅಂದ ಅವನು. "ಹಾಗಾದ್ರೆ ನಿನ್ನದು ಇಲ್ಲಿ ಏನೂ ಇಲ್ಲ. ಚೀಟಿ ಇಲ್ಲದೆ ನಾನು ಯಾವತ್ತೂ ಏನೂ ಇಟ್ಕೊಂಡೋನಲ್ಲ." ಹೇಗಿದೆ! ಇಡೀ ಊರು ಯಾರ ಹೆಸರಲ್ಲಿ ಆಣೆ ಇಡ್ತಿತ್ತೋ, ಆ ಮನುಷ್ಯ!

ಅವನು ಜಗಳ ಆಡಲಿಲ್ಲ. "ಚೆನ್ನಾಗಿದಾಳಾ?" ಅಂದ.

"ಚೆನ್ನಾಗಿದಾಳೆ."

"ಓದ್ತಾಳಾ?"

"ಕ್ಲಾಸಿಗೇ ಮೊದಲು!" ಅಂದುಬಿಟ್ರು ದೊಡ್ಡಪ್ಪ. ನಕ್ಕುಬಿಡೇ, ಇದಕ್ಕಾದರೂ ನಗು! ಇಲ್ಲ ಅಂದ ಬಾಯಲ್ಲೇ ಜಂಬ! ಕಳ್ಳತನ ಮಾಡೋಕೂ ಒಂದು ಅಭ್ಯಾಸ ಬೇಕು, ಪಾಪ, ಅವರಿಗೆಲ್ಲಿತ್ತು.

ಆಮೇಲೆ... ಆಮೇಲೆ ಆ ಕಾಲು ಈ ಕಡೆ ತಿರುಗಿದವು. ಬೆರಳು ನೆಟ್ಟಗೆ ಈ ಕಡೆಗೇ. ತುಂಬಾ ಹೊತ್ತು ಹಾಗೇ ನಿಂತಿದ್ದವು. ಆಮೇಲೆ ಹಿಮ್ಮಡಿ ಕಾಣಿಸಿತು. ಒಡೆದ ಹಿಮ್ಮಡಿ. ಏಣಿ ಎತ್ಕೊಂಡ ಸದ್ದು, ಅಷ್ಟೇ. ದೊಡ್ಡಪ್ಪ ಆವತ್ತು ಹಾಡಹಗಲೇ ಅಂಗಡಿ ಬಾಗಿಲು ಹಾಕಿದ್ರು. ಸಾಯೋವರೆಗೂ ಯಾರಾದರೂ "ನಿಮ್ಮಂಥ ಪ್ರಾಮಾಣಿಕರಿಲ್ಲ" ಅಂದ್ರೆ ಎದ್ದು ಒಳಗೆ ಹೋಗಿಬಿಡೋರು. ಜನ ಅದಕ್ಕೂ "ಎಷ್ಟು ವಿನಯ!" ಅಂದ್ರು. ಜನರಿಗೇನು.

ಏನು? ಅವನ ಮುಖ ಹೇಗಿತ್ತಾ?

ಮುಖ ಎಲ್ಲಿ ಕಾಣತ್ತೆ ಕಣೇ? ಅಂಗಡಿಗೂ ಮನೆಗೂ ನಡುವೆ ಪರದೆ. ಒಗೆದೂ ಒಗೆದೂ ಗಿಡ್ಡ ಆಗಿತ್ತು, ಕೆಳಗಿಂದ ಕಾಲು ಬಿಟ್ರೆ ಇನ್ನೇನು...

...

ಅಂದ್ರೆ, ದೊಡ್ಡಪ್ಪ ಹಾಗೆ ಹೇಳಿದ್ರು. ದೊಡ್ಡಪ್ಪ... ಅವರು ಪರದೆ ಈಚೆ... ಇಲ್ಲ, ಆಚೆ...

ಯಾಕೆ ಹಾಗೆ ನೋಡ್ತೀಯಾ?

ಮಾತಾಡೇ. ಇಷ್ಟೊತ್ತು ಕಿಲಕಿಲ ಅಂತಿದ್ದೆಯಲ್ಲ. ಫೋಟೋ ಯಾಕೆ ಬೆಳಕಿಗೆ ಹಿಡೀತೀಯಾ, ಕೆಳಗಿಡು. ಸ್ಕೂಲಿಗೆ ಹೋಗಿದ್ದಳು ಅಂದ್ನಲ್ಲ! ಆ ಮೂಗು... ಎಷ್ಟೋ ಜನಕ್ಕೆ ಇರತ್ತೆ ಅಂಥ ಮೂಗು. ನಿನ್ನ ಗಂಡನಿಗೂ ಇದೆ, ಹೌದು, ಅದಕ್ಕೇನೀಗ?

ಅವನಿಗೆ ಗೊತ್ತಿಲ್ಲ. ಹೇಳಬೇಡ.

...ನನ್ನ ಕಾಲೂ ಆಚೆ ನಿಂತವನಿಗೆ ಕಾಣ್ತಿದ್ದವು ಕಣೇ. ಪರದೆ ಇಬ್ಬರಿಗೂ ಒಂದೇ ಅಲ್ಲವಾ. ನಾನು ಆಚೆ ಬರಲಿಲ್ಲ, ಬೆರಳು ಮಡಚಿಕೊಂಡೆ. ಅವನು ನೋಡಿದ. ಅದನ್ನ ನೋಡೇ ಹೋದ.

ಒಳಗಿಂದ ದೊಡ್ಡಮ್ಮ ಊಟಕ್ಕೆ ಕರೆದ್ರು. ಹೋದೆ. ಕೇಳಿ ಕೇಳಿ ಬಡಿಸಿಕೊಂಡು ತಿಂದೆ.

ಏನಾದರೂ ಅನ್ನೇ.